ದಿನವೂ ಜೊತೆಗಿರುವ ಚಾಕು: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಡಿಕೆ ಕೊಯ್ಲು ಹತ್ತಿರವಾಗುತ್ತಿದ್ದಂತೆ ಕತ್ತಿ, ಚಾಕುಗಳ ಬಗ್ಗೆ ಪತ್ರಗಳು ಬರುತ್ತವೆ. ಈ ಸಲ ಬಂದವುಗಳಲ್ಲಿ ಹೆಚ್ಚಿನವು ತ್ಯಾವರೆಕೊಪ್ಪ, ಆಯನೂರು, ಭದ್ರಾವತಿ ಕಡೆಯವು. ಎಲ್ಲವೂ ಒಂದೇ ವಸ್ತುವಿನ ಸುತ್ತ ಸುತ್ತುತ್ತವೆ: ಮಡಚದ, ಒರೆಯಲ್ಲಿಟ್ಟು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಸಣ್ಣ ಚಾಕು. ಭದ್ರಾವತಿಯ ಕಾರ್ಖಾನೆಯಲ್ಲಿ ಉಕ್ಕು ಕಾಯಿಸುವ, ಹದಗೊಳಿಸುವ ಕೆಲಸದಲ್ಲೇ ಕೂದಲು ನರೆಸಿಕೊಂಡವನು ನಾನು. ಆದ್ದರಿಂದ ಈ ವಿಷಯ ಬಂದರೆ ಉತ್ತರ ಸ್ವಲ್ಪ ಉದ್ದವಾಗುತ್ತದೆ. ಓದುಗರು ಸಹಿಸಿಕೊಳ್ಳಬೇಕು.

ಪ್ರಶ್ನೆ: ತ್ಯಾವರೆಕೊಪ್ಪದ ಹತ್ತಿರ ನಮಗೆ ಅಡಿಕೆ ತೋಟವಿದೆ, ಸ್ವಲ್ಪ ಶುಂಠಿಯೂ ಹಾಕುತ್ತೇವೆ. ಜೇಬಿನಲ್ಲಿ ಮಡಚುವ ಚಾಕು ಇಟ್ಟುಕೊಳ್ಳುವ ಅಭ್ಯಾಸ. ಮಣ್ಣು ಸೇರಿ ಅದರ ಕೀಲು ಕಚ್ಚಿಕೊಳ್ಳುತ್ತದೆ. ಮೊನ್ನೆ ಡ್ರಿಪ್ ಪೈಪು ಕೊಯ್ಯುವಾಗ ತಾನಾಗಿ ಮಡಚಿ ಬೆರಳಿಗೇ ಬಿತ್ತು. ಮಡಚದ ಸಣ್ಣ ಚಾಕು ತೆಗೆದುಕೊಳ್ಳಬೇಕು ಅಂತಿದ್ದೇನೆ. ಎಷ್ಟು ಉದ್ದ ಇರಬೇಕು, ಎಂಥದ್ದು ಒಳ್ಳೆಯದು?
(ಅಡಿಕೆ ಬೆಳೆಗಾರರು, ತ್ಯಾವರೆಕೊಪ್ಪ)

ಉತ್ತರ: ನಿಮ್ಮ ನಿರ್ಧಾರ ಸರಿಯಾಗಿದೆ. ಮಡಚುವ ಚಾಕು ಎಷ್ಟೇ ಒಳ್ಳೆಯದಿರಲಿ, ಅದರ ಬಲಹೀನ ಜಾಗ ಕೀಲು. ಕೆಸರು, ಅಡಿಕೆ ಸಿಪ್ಪೆಯ ನಾರು, ಹಲಸಿನ ಅಂಟು ಎಲ್ಲ ಹೋಗಿ ಕೂರುವುದು ಅಲ್ಲೇ. ಮಡಚದ ಚಾಕುವಿಗೆ ಆ ಗೋಳಿಲ್ಲ. ತೊಳೆದು ಒರೆಸಿದರೆ ಮುಗಿಯಿತು.

ಅಂಗಡಿಗೆ ಹೋಗುವ ಮೊದಲು ಒಂದು ವಾರ ನೀವು ಏನೇನು ಕೊಯ್ಯುತ್ತೀರಿ ಎಂದು ಗಮನಿಸಿ. ಸುತ್ತಲಿ ದಾರ, ಗೊಬ್ಬರದ ಚೀಲದ ಹೊಲಿಗೆ, ಡ್ರಿಪ್ಪಿನ ಸಣ್ಣ ಪೈಪು, ಮೆಣಸಿನ ಬಳ್ಳಿ ಕಟ್ಟಿದ ಬಾಳೆನಾರು, ಬಿತ್ತನೆ ಶುಂಠಿಯ ಗೆಡ್ಡೆ, ಮಧ್ಯಾಹ್ನ ಬುತ್ತಿಯ ಜೊತೆಗೊಂದು ಸೌತೆಕಾಯಿ. ಇದರಲ್ಲಿ ಯಾವುದಕ್ಕೂ ನಾಲ್ಕು ಇಂಚಿಗಿಂತ ಉದ್ದದ ಅಲಗು ಬೇಕಿಲ್ಲ. ಮೂರರಿಂದ ಮೂರೂವರೆ ಇಂಚು, ಅಂದರೆ 8-9 ಸೆಂಟಿಮೀಟರ್ ಇದ್ದರೆ ಸಾಕು. ಅದಕ್ಕಿಂತ ದೊಡ್ಡ ಕೆಲಸಕ್ಕೆ ಮಚ್ಚುಗತ್ತಿ ಹೇಗೂ ನಿಮ್ಮ ಮನೆಯಲ್ಲಿದೆ. ಸಣ್ಣ ಚಾಕುವಿನಿಂದ ಕಡಿಯಲು ಹೋಗುವುದೂ ತಪ್ಪು, ಮಚ್ಚಿನಿಂದ ದಾರ ಕೊಯ್ಯಲು ಹೋಗುವುದೂ ತಪ್ಪು. ಅಲಗು ಗಿಡ್ಡವಿದ್ದರೆ ಇನ್ನೊಂದು ಅನುಕೂಲವಿದೆ. ತೋರುಬೆರಳನ್ನು ಬೆನ್ನಿನ ಮೇಲೆ ಚಾಚಿದರೆ ಅದು ತುದಿಯ ಸಮೀಪಕ್ಕೆ ಹೋಗುತ್ತದೆ. ಬೆರಳು ಎಲ್ಲಿದೆಯೋ ಹಿಡಿತ ಅಲ್ಲಿದೆ.

ಉದ್ದದಷ್ಟೇ ಮುಖ್ಯವಾದದ್ದು ದಪ್ಪ, ಅದನ್ನು ಕೊಳ್ಳುವವರು ಯಾರೂ ನೋಡುವುದಿಲ್ಲ. ಬೆನ್ನಿನಲ್ಲಿ ಎರಡೂವರೆಯಿಂದ ಮೂರು ಮಿಲಿಮೀಟರ್ ಸಾಕು. ಕಾಡಿನ ಚಾಕು, ಸೈನಿಕರ ಚಾಕು ಎಂದು ಮಾರುವ ಐದಾರು ಮಿಲಿಮೀಟರಿನ ದಪ್ಪ ಅಲಗುಗಳು ಸೌತೆಕಾಯಿಯನ್ನು ಕೊಯ್ಯುವುದಿಲ್ಲ, ಸೀಳುತ್ತವೆ. ಮಸೆಯುತ್ತ ಹೋದಂತೆ ಬಾಯಿ ದಪ್ಪ ಭಾಗಕ್ಕೆ ಏರುತ್ತದೆ, ವರ್ಷ ಕಳೆದ ಮೇಲೆ ಕೊಯ್ಯುವುದೇ ಇಲ್ಲ. ಅಲಗಿನ ಅಗಲ ಒಂದು ಇಂಚಿನ ಸುತ್ತ ಇರಲಿ. ಬಾಯಿ ಹಿಡಿಯ ಹತ್ತಿರ ನೇರವಾಗಿದ್ದು, ತುದಿಯ ಕಡೆ ಸ್ವಲ್ಪ ಬಾಗಲಿ. ಬೆನ್ನು ಮೆಲ್ಲಗೆ ಇಳಿದು ಮೊನೆಯನ್ನು ಸೇರಲಿ. ಸೂಜಿಯಂಥ ಮೊನೆ ಬೇಡ, ಒಂದು ಸಲ ಜಾರಿ ಕಲ್ಲಿಗೆ ಬಿದ್ದರೆ ಮುರಿಯುತ್ತದೆ. ಬೆನ್ನಿನ ಮೇಲೆ ಗರಗಸದ ಹಲ್ಲಿರುವ ಚಾಕುವನ್ನು ಕೊಳ್ಳಲೇಬೇಡಿ. ಆ ಹಲ್ಲು ಕಡ್ಡಿ ಕೊಯ್ಯುವುದಿಲ್ಲ, ಹೆಬ್ಬೆರಳು ಇಡುವ ಜಾಗವನ್ನು ಹಾಳು ಮಾಡುತ್ತದೆ. ಎರಡೂ ಕಡೆ ಬಾಯಿ ಇರುವುದಂತೂ ಕೆಲಸದ ಚಾಕುವೇ ಅಲ್ಲ.

ಇನ್ನು ಹಿಡಿ. ಅಂಗೈ ಅಗಲ ಅಳೆದುಕೊಳ್ಳಿ, ನಾಲ್ಕೂ ಬೆರಳು ಪೂರ್ತಿ ಕೂರಬೇಕು. ಅಲಗು ಮೂರು ಇಂಚಾದರೂ ಹಿಡಿ ನಾಲ್ಕು ಇಂಚು ಇರಲಿ, ಅದರಲ್ಲಿ ತಪ್ಪೇನಿಲ್ಲ. ಹಿಡಿಯ ಮುಂಭಾಗದಲ್ಲಿ ಬೆರಳು ತಡೆಯುವಂಥ ಉಬ್ಬು ಕಡ್ಡಾಯ. ಮಳೆಯಲ್ಲಿ ಒದ್ದೆ ಕೈಯಿಂದ ಗೊಬ್ಬರದ ಚೀಲಕ್ಕೆ ಚುಚ್ಚುವಾಗ ಕೈ ಮುಂದೆ ಜಾರುತ್ತದೆ. ಬೆರಳಿನ ನರ ಕತ್ತರಿಸಿಕೊಂಡವರ ಕಥೆ ಕೇಳಿದರೆ ಬಹಳಷ್ಟು ಹೀಗೇ ಆದದ್ದು. ನಮ್ಮ ಕುಲುಮೆಗಳಲ್ಲಿ ಮಾಡಿದ ಚಾಕುಗಳ ಕೊರತೆ ಇದೊಂದೇ: ಹಿಡಿ ನುಣುಪಾದ ಕೋಲಿನಂತಿರುತ್ತದೆ. ಆಚಾರರಿಗೆ ಹೇಳಿ ಉಬ್ಬು ಬಿಡಿಸಿಕೊಳ್ಳಿ.

ಅಲಗಿನ ಕಬ್ಬಿಣ ಹಿಡಿಯ ಕೊನೆಯವರೆಗೂ ಹೋಗಿ, ಎರಡು ಬದಿಗೆ ಮರದ ಹಲಗೆ ಇಟ್ಟು ರಿವೆಟ್ ಹೊಡೆದಿದ್ದರೆ ಅದು ಬಹುಕಾಲ ಬಾಳುತ್ತದೆ. ಹಳೆಯ ರೀತಿಯಂತೆ ಚೂಪಾದ ಬಾಲವನ್ನು ಕಾಯಿಸಿ ಮರಕ್ಕೆ ಇಳಿಸಿ, ಅರಗು ತುಂಬಿ, ಬಾಯಿಗೆ ಬಳೆ ಹಾಕಿದ್ದೂ ಕೆಟ್ಟದ್ದಲ್ಲ. ಆದರೆ ಬಾಲ ಹಿಡಿಯ ಅರ್ಧಕ್ಕಿಂತ ಹೆಚ್ಚು ಒಳಗೆ ಹೋಗಿರಬೇಕು. ಹಿಡಿಗೆ ಕೆಂಪೋ ಕಿತ್ತಳೆಯೋ ಬಣ್ಣ ಬಳಿಯಿರಿ. ಅಡಿಕೆ ಸೋಗೆ, ಒಣ ಎಲೆಗಳ ನಡುವೆ ಬಿದ್ದ ಕಂದು ಹಿಡಿಯ ಚಾಕು ಮತ್ತೆ ಸಿಗುವುದು ಕಷ್ಟ.

ಕಾರ್ಖಾನೆಯ ಮಾಲೇ ಬೇಕೆಂದರೆ ಸ್ವೀಡನ್ನಿನ ಮೋರಾ ಊರಿನ ಪ್ಲಾಸ್ಟಿಕ್ ಹಿಡಿಯ ಚಾಕುಗಳನ್ನು ಅಳತೆಗೆ ಮಾದರಿಯಾಗಿ ನೋಡಿ. ಅಲ್ಲಿಯ ಬಡಗಿಗಳು, ಮೀನುಗಾರರು ಬಳಸುವಂಥವು. ಅಲಗು 10 ಸೆಂಟಿಮೀಟರಿನಷ್ಟು ಉದ್ದ, ಬೆನ್ನು ಎರಡೂವರೆ ಮಿಲಿಮೀಟರಿನ ಆಸುಪಾಸು. ಆಡಂಬರ ಇಲ್ಲ. ನಮ್ಮಲ್ಲೇ ನೋಡಿದರೆ, ಕೊಡವರು ಚೇಲೆಯ ಮುಂಭಾಗದಲ್ಲಿ ಸಿಕ್ಕಿಸಿಕೊಳ್ಳುವ ಪೀಚೆಕತ್ತಿ ಒರೆಯಲ್ಲಿಡುವ ಗಿಡ್ಡ ಚಾಕುವೇ. ಬೆನ್ನಿಗೆ ಕಟ್ಟುವ ಒಡಿಕತ್ತಿ ದೊಡ್ಡ ಕೆಲಸಕ್ಕೆ, ಮುಂದಿನ ಪೀಚೆಕತ್ತಿ ಸಣ್ಣ ಕೆಲಸಕ್ಕೆ. ಇಂದು ಬೆಳ್ಳಿಯ ಕುಸುರಿಯೊಂದಿಗೆ ಮದುವೆಯ ಉಡುಪಿನಲ್ಲಿ ಕಾಣುತ್ತದೆ, ಆದರೆ ದೊಡ್ಡದು ಹಿಂದೆ, ಚಿಕ್ಕದು ಮುಂದೆ ಎಂಬ ಆ ಏರ್ಪಾಟು ತೋಟದಲ್ಲಿ ದುಡಿಯುವವರಿಗೆ ಇವತ್ತಿಗೂ ಸರಿಹೊಂದುತ್ತದೆ.

ಪ್ರಶ್ನೆ: ಆನ್‌ಲೈನಿನಲ್ಲಿ ‘ಹೈ ಕಾರ್ಬನ್’, ‘ಡಮಾಸ್ಕಸ್’ ಎಂದು ಬರೆದ ಚಾಕುಗಳು ಸಾವಿರಾರು ರೂಪಾಯಿಗೆ ಸಿಗುತ್ತವೆ. ನಮ್ಮೂರ ಆಚಾರರು ಲಾರಿಯ ಕಮಾನು ಪಟ್ಟಿಯಿಂದ ಮಾಡಿಕೊಡುತ್ತೇನೆ ಎನ್ನುತ್ತಾರೆ. ಯಾವುದನ್ನು ನಂಬಲಿ?
(ಐಟಿಐ ವಿದ್ಯಾರ್ಥಿ, ಭದ್ರಾವತಿ)

ಉತ್ತರ: ನಿಮ್ಮೂರಲ್ಲಿದ್ದುಕೊಂಡು ಉಕ್ಕಿನ ಬಗ್ಗೆ ಕೇಳುತ್ತಿದ್ದೀರಿ, ಬಹಳ ಸಂತೋಷ. 1918ರಲ್ಲಿ ಕೆಲಸ ಶುರುವಾಗಿ 1923ರಲ್ಲಿ ಕಬ್ಬಿಣ ಇಳಿಸಿದ ಭದ್ರಾವತಿ ಕಾರ್ಖಾನೆಗೆ ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ, ಇದ್ದಿಲು ಬಂದದ್ದು ಈ ಮಲೆನಾಡಿನ ಮರದಿಂದ. ಇದ್ದಿಲಿನಲ್ಲಿ ಕರಗಿಸಿದ ಕಬ್ಬಿಣದಲ್ಲಿ ಗಂಧಕ ಕಡಿಮೆ. ಮುಂದೆ ಅಲ್ಲಿ ಮಿಶ್ರಲೋಹದ ಉಕ್ಕು, ವಿಶೇಷ ಉಕ್ಕು ತಯಾರಾದವು. ಮನೆಯಲ್ಲಿ ಹಿರಿಯರು ಅಲ್ಲಿ ದುಡಿದಿದ್ದರೆ ಅವರನ್ನು ಕೂರಿಸಿಕೊಂಡು ಕೇಳಿ. ನಾನು ಇಲ್ಲಿ ಬರೆಯುವುದಕ್ಕಿಂತ ಹೆಚ್ಚು ಅವರಿಂದ ಸಿಗುತ್ತದೆ.

ನನ್ನ ತೀರ್ಪು: ಆಚಾರರ ಕಮಾನು ಪಟ್ಟಿಯೇ ಸರಿ, ಅವರು ಹದ ಹಾಕುವುದನ್ನು ನೀವು ಕಣ್ಣಾರೆ ನೋಡುವುದಾದರೆ. ಚಾಕುವಿನ ಗುಣ ಅರ್ಧ ಉಕ್ಕಿನಲ್ಲಿದ್ದರೆ ಅರ್ಧ ಹದದಲ್ಲಿದೆ.

ಉಕ್ಕು ಗಡುಸಾಗಲು ಅದರಲ್ಲಿ ಇಂಗಾಲ ಇರಬೇಕು. ಮನೆ ಕಟ್ಟುವ ಕಂಬಿಯಲ್ಲಿ ಇಂಗಾಲ ಶೇ 0.3ಕ್ಕಿಂತ ಕಡಿಮೆ. ಅದನ್ನು ಎಷ್ಟು ಕಾಯಿಸಿ ಅದ್ದಿದರೂ ಬಾಯಿ ನಿಲ್ಲುವುದಿಲ್ಲ. ಕಮಾನು ಪಟ್ಟಿಯಲ್ಲಿ ಶೇ 0.5ರಿಂದ 0.6ರಷ್ಟು ಇರುತ್ತದೆ. ಬೀಳಲಿ, ಬಾಗಲಿ, ತಡೆಯುತ್ತದೆ. ದಿನದ ಕೆಲಸಕ್ಕೆ ಇದು ಚೆನ್ನ. ಹಳೆಯ ಅರದಲ್ಲಿ ಶೇ 1ರ ಆಸುಪಾಸು ಅಥವಾ ಇನ್ನೂ ಹೆಚ್ಚು. ಬಾಯಿ ಬಹಳ ಹೊತ್ತು ನಿಲ್ಲುತ್ತದೆ, ಹದ ತಪ್ಪಿದರೆ ಮಾತ್ರ ಚೂರಾಗುತ್ತದೆ. ಬೇರಿಂಗಿನ ಉಕ್ಕಿನಲ್ಲಿ ಶೇ 1ರಷ್ಟು ಇಂಗಾಲದ ಜೊತೆ ಒಂದೂವರೆಯಷ್ಟು ಕ್ರೋಮಿಯಂ ಇದೆ, ಒಳ್ಳೆಯ ಚಾಕುವಾಗುತ್ತದೆ. ಪವರ್ ಹ್ಯಾಕ್ಸಾ ಬ್ಲೇಡಿನಿಂದ ಮಾಡಿದ ಚಾಕುಗಳೂ ನಿಮ್ಮಲ್ಲಿ ಓಡಾಡುತ್ತವೆ. ಅದು ಹೈಸ್ಪೀಡ್ ಸ್ಟೀಲ್ ಆಗಿದ್ದರೆ ಕುಲುಮೆಗೆ ಹಾಕಬೇಡಿ. ಅದಕ್ಕೆ ಮತ್ತೆ ಹದ ಕೊಡಲು 1200 ಡಿಗ್ರಿಯ ಹತ್ತಿರದ ಕಾವು ಬೇಕು, ಊರ ಕುಲುಮೆಯಲ್ಲಿ ಅದನ್ನು ಅಳತೆಯಲ್ಲಿ ಹಿಡಿಯಲಾಗದು. ತಣ್ಣಗೇ ಉಜ್ಜಿ ಆಕಾರ ಕೊಡಬೇಕು.

ಆಚಾರರ ಹತ್ತಿರ ನಿಂತಾಗ ನೋಡಬೇಕಾದದ್ದು ಇದು. ಬಡಿದು ಆಕಾರ ಬಂದ ಮೇಲೆ ಅಲಗನ್ನು ಕೆಂಪಗೆ ಕಾಯಿಸುತ್ತಾರೆ. 770 ಡಿಗ್ರಿ ಸುಮಾರಿಗೆ ಉಕ್ಕಿಗೆ ಅಯಸ್ಕಾಂತ ಅಂಟುವುದು ನಿಂತುಹೋಗುತ್ತದೆ. ಅದಕ್ಕಿಂತ ಇನ್ನೊಂದಿಷ್ಟು ಮೇಲೆ ಕಾಯಿಸಿ ಅದ್ದಬೇಕು. ಕಣ್ಣಿನ ಅಂದಾಜಿಗೆ ಜೊತೆಯಲ್ಲೊಂದು ಅಯಸ್ಕಾಂತ ಇದ್ದರೆ ತಪ್ಪುವ ಭಯವಿಲ್ಲ. ಹಗಲಿನ ಬಿಸಿಲಲ್ಲಿ ಬಣ್ಣ ಸರಿಯಾಗಿ ಕಾಣುವುದಿಲ್ಲ, ನೆರಳಿನಲ್ಲೇ ಈ ಕೆಲಸ ಆಗಬೇಕು. ಕಮಾನು ಪಟ್ಟಿಯನ್ನು ಎಣ್ಣೆಯಲ್ಲಿ ಅದ್ದುವುದು ಒಳ್ಳೆಯದು. ನೀರಿನಲ್ಲಿ ಅದ್ದಿದರೆ ಸೀಳುವ ಸಂಭವವಿದೆ.

ಅದ್ದಿ ತೆಗೆದ ಅಲಗು ವಿಪರೀತ ಗಡುಸು, ಕಲ್ಲಿಗೆ ಬಿದ್ದರೆ ಒಡೆಯಬಹುದು. ಅದನ್ನು ಮತ್ತೆ 200-230 ಡಿಗ್ರಿಗೆ ಕಾಯಿಸಿ ಇಳಿಸಬೇಕು. ಅಲಗನ್ನು ಉಜ್ಜಿ ಬೆಳ್ಳಗೆ ಮಾಡಿ ಕಾಯಿಸಿದರೆ ಬಣ್ಣ ಏರುವುದು ಕಾಣುತ್ತದೆ: ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, 300ರ ಹತ್ತಿರ ನೀಲಿ. ಚಾಕುವಿನ ಬಾಯಿಗೆ ಹಳದಿಯಲ್ಲೇ ನಿಲ್ಲಿಸಬೇಕು. ನೀಲಿ ಕಮಾನಿಗೆ. ಅನುಭವಿ ಆಚಾರರು ಬಾಯಿಯನ್ನಷ್ಟೇ ಅದ್ದಿ, ಬೆನ್ನಿನಲ್ಲಿ ಉಳಿದ ಕಾವು ಬಾಯಿಗೆ ಇಳಿದುಬರುವುದನ್ನು ಕಾದು, ಹಳದಿ ಕಂಡ ಕ್ಷಣಕ್ಕೆ ಮತ್ತೊಮ್ಮೆ ಅದ್ದುತ್ತಾರೆ. ಬಾಯಿ ಗಡುಸು, ಬೆನ್ನು ಮೆದು. ಲಕ್ಷಗಟ್ಟಲೆ ಬೆಲೆಯ ಫರ್ನೇಸು ಇಟ್ಟುಕೊಂಡು ನಾವು ಮಾಡುತ್ತಿದ್ದುದನ್ನು ಅವರು ಕಣ್ಣಿನ ಮೇಲೆ ಮಾಡುತ್ತಾರೆ. ಅವರಿಗೆ ಕೊಡುವ ದುಡ್ಡಿನಲ್ಲಿ ಚೌಕಾಸಿ ಮಾಡಬೇಡಿ.

ಕೊಂಡ ಮೇಲೆ ಪರೀಕ್ಷೆಗೆ ಒಂದು ಹೊಸ ಅರ ಸಾಕು. ಬಾಯಿಯ ಮೇಲೆ ಮೆಲ್ಲಗೆ ಎಳೆಯಿರಿ. ಮೊಳೆಯನ್ನು ಕಚ್ಚಿದ ಹಾಗೆ ಆಳವಾಗಿ ಕಚ್ಚಿದರೆ ಹದ ಬಂದಿಲ್ಲ. ಹೆಚ್ಚುಕಡಿಮೆ ಜಾರಿದರೆ ಬಂದಿದೆ.

ಡಮಾಸ್ಕಸ್ ಎಂದು ಈಗ ಮಾರುವುದು ಬಹಳಷ್ಟು ಎರಡು ಬಗೆಯ ಉಕ್ಕನ್ನು ಪದರಪದರವಾಗಿ ಬೆಸೆದು, ಆಮ್ಲದಲ್ಲಿ ಅದ್ದಿ ಗೆರೆ ಮೂಡಿಸಿದ್ದು. ಕೆಲವು ಬರೀ ಮೇಲ್ಮೈಗೆ ಕೊರೆದ ಚಿತ್ರ. ಗೆರೆ ಚೆಂದವೇ, ಆದರೆ ಗೆರೆಯಿಂದ ಚಾಕು ಕೊಯ್ಯುವುದಿಲ್ಲ. ಹಳೆಯ ಡಮಾಸ್ಕಸ್ ಕತ್ತಿಗಳ ಉಕ್ಕು ಹೋಗುತ್ತಿದ್ದುದು ನಮ್ಮ ದಕ್ಷಿಣ ದೇಶದಿಂದ. ಮೈಸೂರು ಸೀಮೆಯಲ್ಲಿ ಮಣ್ಣಿನ ಮೂಸೆಯೊಳಗೆ ಕಬ್ಬಿಣದ ಜೊತೆ ತಂಗಡಿ ಕಟ್ಟಿಗೆ, ಹಸಿರು ಎಲೆ ಇಟ್ಟು ಬಾಯಿ ಮುಚ್ಚಿ ಕಾಯಿಸಿ ಅದನ್ನು ಮಾಡುತ್ತಿದ್ದರು. 1800-01ರಲ್ಲಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಉಕ್ಕಿನ ಕುಲುಮೆಗಳನ್ನು ಕಂಡು ಬರೆದಿಟ್ಟಿದ್ದಾನೆ. ಆ ಉಕ್ಕಿನ ಹೆಸರು ಹೇಳಿಕೊಂಡು ಬರುವ ಇಂದಿನ ಮಾಲಿಗೆ ಹೆಚ್ಚಿನ ದುಡ್ಡು ಕೊಡುವ ಅಗತ್ಯವಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಚಾಕು ಒಂದೇ ರಾತ್ರಿಗೆ ತುಕ್ಕು ಹಿಡಿಯುತ್ತದೆ. ಚರ್ಮದ ಒರೆಯಲ್ಲೇ ಇಡುತ್ತೇನೆ. ಸ್ಟೇನ್‌ಲೆಸ್ ತೆಗೆದುಕೊಂಡರೆ ಈ ಕಾಟ ತಪ್ಪುತ್ತದೆಯೇ?
(ತೋಟದ ರೈಟರ್, ತೀರ್ಥಹಳ್ಳಿ)

ಉತ್ತರ: ತುಕ್ಕಿಗೆ ಕಾರಣ ನಿಮ್ಮ ಒರೆ. ಆಗುಂಬೆಯ ಕಡೆ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಅಂಥಲ್ಲಿ ಚರ್ಮ ನೀರು ಕುಡಿದು ದಿನಗಟ್ಟಲೆ ಒಣಗುವುದಿಲ್ಲ. ಅದರೊಳಗೆ ಇಟ್ಟ ಅಲಗು ರಾತ್ರಿಯಿಡೀ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಂತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಟ್ಟಿ ಪ್ಲಾಸ್ಟಿಕ್ಕಿನ ಒರೆ ಬಳಸಿ, ತಳದಲ್ಲಿ ನೀರು ಇಳಿಯಲು ತೂತು ಇರಲಿ. ಪಿವಿಸಿ ಪೈಪಿನ ತುಂಡನ್ನು ಕಾಯಿಸಿ ಚಪ್ಪಟೆ ಮಾಡಿ ಮನೆಯಲ್ಲೇ ಮಾಡಿಕೊಳ್ಳಬಹುದು. ಕಾಯಿಸುವಾಗ ಹೊಗೆ ಬರಬಾರದು, ಬಯಲಲ್ಲಿ ಮಾಡಿ. ರಾತ್ರಿ ಚಾಕುವನ್ನು ಒರೆಯಿಂದ ತೆಗೆದು, ಒರೆಸಿ, ಮಕ್ಕಳ ಕೈಗೆ ಸಿಗದ ಕಡೆ ಒಣ ಜಾಗದಲ್ಲಿಡಿ.

ಒರೆಯ ಬಗ್ಗೆ ಇನ್ನೊಂದು ಮಾತು. ತಲೆಕೆಳಗು ಹಿಡಿದು ಒದರಿದರೂ ಚಾಕು ಬೀಳಬಾರದು. ಕುಕ್ಕರುಗಾಲಿನಲ್ಲಿ ಕೂತಾಗ, ಬೈಕಿನ ಮೇಲೆ ಕೂತಾಗ ಮೊನೆ ತೊಡೆಗೋ ಸೊಂಟಕ್ಕೋ ಒತ್ತಬಾರದು. ಸೊಂಟದ ಬಲಬದಿ, ಸ್ವಲ್ಪ ಹಿಂದಕ್ಕೆ ಇದ್ದರೆ ಕೆಲಸಕ್ಕೆ ಅಡ್ಡಬರುವುದಿಲ್ಲ. ಬೆನ್ನುಮೂಳೆಯ ಮೇಲೆ ನೇರ ಕಟ್ಟಬೇಡಿ. ಜಾರಿ ಬೆನ್ನ ಮೇಲೆ ಬಿದ್ದರೆ ಪೆಟ್ಟು ಅಲ್ಲಿಗೇ. ಚಾಕುವಿಗೆ ಕೊಟ್ಟಷ್ಟೇ ದುಡ್ಡು ಒರೆಗೂ ಕೊಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಸ್ಟೇನ್‌ಲೆಸ್ ಉಕ್ಕಿನಲ್ಲಿ ಶೇ 10.5ಕ್ಕಿಂತ ಹೆಚ್ಚು ಕ್ರೋಮಿಯಂ ಇರುವುದರಿಂದ ತುಕ್ಕು ಬಹಳ ನಿಧಾನ. ಹಣ್ಣು, ಮೀನು ಕೊಯ್ಯುವವರಿಗೆ ಅದೇ ಅನುಕೂಲ. ಆದರೆ ಅಗ್ಗದ ಸ್ಟೇನ್‌ಲೆಸ್ ಮೆದು, ಬಾಯಿ ಬೇಗ ಮೊಂಡಾಗುತ್ತದೆ. ನಿಮ್ಮದು ಅಡಿಕೆ ತೋಟವಾದ್ದರಿಂದ ಸಾದಾ ಉಕ್ಕೇ ಇರಲಿ. ಅಡಿಕೆಯ ಚೊಗರು ತಾಗಿ ಅಲಗು ಕಪ್ಪಾಗುವುದನ್ನು ನೋಡಿದ್ದೀರಿ. ಅದು ತುಕ್ಕಲ್ಲ. ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಆಗುವ ಕಪ್ಪು ಪದರ, ಕೆಂಪು ತುಕ್ಕನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಅದನ್ನು ಉಜ್ಜಿ ಬೆಳ್ಳಗೆ ಮಾಡಲು ಹೋಗಬೇಡಿ. ಕೆಂಪಗೆ ಪುಡಿಪುಡಿಯಾಗಿ ಬರುವುದನ್ನಷ್ಟೇ ತೆಗೆಯಿರಿ. ತಿನ್ನುವ ವಸ್ತು ಕೊಯ್ಯುವ ಚಾಕುವಿಗೆ ತೆಂಗಿನೆಣ್ಣೆ ತೆಳ್ಳಗೆ ಸವರಿ. ಉಳಿದದ್ದಕ್ಕೆ ಹೊಲಿಗೆ ಯಂತ್ರದ ಎಣ್ಣೆ.

ಪ್ರಶ್ನೆ: ಸಾಣೆ ಹಿಡಿಯುವವರ ಹತ್ತಿರ ಕೊಟ್ಟ ಮೇಲೆ ಚಾಕು ಎರಡೇ ದಿನಕ್ಕೆ ಮೊಂಡಾಗುತ್ತದೆ. ಯಾಕೆ?
(ಗೃಹಿಣಿ, ಶಿವಮೊಗ್ಗ)

ಉತ್ತರ: ಕಿಡಿ ಹಾರುವಂತೆ ಒಣ ಚಕ್ರಕ್ಕೆ ಒತ್ತಿದಾಗ ಬಾಯಿ ನೀಲಿಯಾಗಿರುತ್ತದೆ. ನೀಲಿ ಬಂದಲ್ಲಿ ಹದ ಹೋಯಿತು. ಎರಡು ಬದಿಯ ಮಸೆಗಲ್ಲು ಕೊಂಡು ನೀವೇ ಮಸೆಯಿರಿ: ಮೊದಲು ಒರಟು ಬದಿ, ಆಮೇಲೆ ನುಣುಪು. ನೀರು ಸುರಿಯುತ್ತಿರಿ. ಬೆನ್ನನ್ನು ಕಲ್ಲಿನಿಂದ ಸ್ವಲ್ಪವೇ ಎತ್ತಿ ಒಂದೇ ಓರೆಯಲ್ಲಿ ನಡೆಸಬೇಕು, ಓರೆ ಬದಲಾದರೆ ಬಾಯಿ ದುಂಡಗಾಗುತ್ತದೆ. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಒಳಮುಖದ ಮೇಲೆ ಹಿಮ್ಮುಖವಾಗಿ ಎಳೆಯಿರಿ. ಸಾಣೆಯವರ ಹತ್ತಿರವೇ ಕೊಡುವುದಾದರೆ ಪಕ್ಕದಲ್ಲಿ ನೀರಿನ ಡಬ್ಬಿ ಇಟ್ಟು ಪದೇ ಪದೇ ಅದ್ದಲು ಹೇಳಿ.

ಪ್ರಶ್ನೆ: ಮೂರು ಇಂಚಿನ ಚಾಕು ಸೊಂಟದಲ್ಲಿದ್ದರೆ ಪೊಲೀಸರು ಹಿಡಿಯುತ್ತಾರೆಯೇ? ಕಾನೂನಿನಲ್ಲಿ ಏನಿದೆ? ನಾನು ಎಲೆಕ್ಟ್ರಿಷಿಯನ್, ಶಿವಮೊಗ್ಗಕ್ಕೆ ದಿನವೂ ಬೈಕಿನಲ್ಲಿ ಹೋಗಿಬರುತ್ತೇನೆ.
(ಓದುಗರು, ಆಯನೂರು)

ಉತ್ತರ: ಕೆಲಸದ ಸಣ್ಣ ಚಾಕು ಇಟ್ಟುಕೊಳ್ಳುವುದು ಅಪರಾಧವಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ದಾಳಿಗೋ ರಕ್ಷಣೆಗೋ ಆಯುಧವಾಗಿ ರೂಪಿಸಿದ ವಸ್ತು ‘ಶಸ್ತ್ರ’. ಮನೆಬಳಕೆಗೆ, ಕೃಷಿಗೆ ಎಂದೇ ಮಾಡಿದವು ಅದರಿಂದ ಹೊರಗೆ. ನಿಯಮಗಳಲ್ಲಿ ಕತ್ತಿ, ಭರ್ಜಿ, ಕಠಾರಿಗಳ ಜೊತೆ ಸೇರಿಸಿರುವ ಚಾಕುಗಳಿಗೆ ಅಳತೆಯೂ ಇದೆ: ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ. ಅಲ್ಲೂ ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಉಪಕರಣಗಳನ್ನು ಬಿಟ್ಟಿದ್ದಾರೆ. ನಿಮ್ಮ ಮೂರು ಇಂಚು ಈ ಅಳತೆಯ ಹತ್ತಿರಕ್ಕೂ ಬರುವುದಿಲ್ಲ.

ಅಳತೆ ಸರಿಯಿದೆ ಎಂದು ಎಲ್ಲಿಗೆ ಬೇಕಾದರೂ ಒಯ್ಯಬಹುದು ಎಂದುಕೊಳ್ಳಬೇಡಿ. ನೋಡುವವರು ಮೊದಲು ಕೇಳುವುದು ಇದು ಯಾಕೆ ನಿಮ್ಮ ಹತ್ತಿರ ಇದೆ ಎಂದು. ಟೂಲ್ ಬ್ಯಾಗಿನಲ್ಲಿ ಟೆಸ್ಟರು, ಕಟಿಂಗ್ ಪ್ಲೇಯರಿನ ಜೊತೆ ಇದ್ದರೆ ಉತ್ತರ ಅಲ್ಲೇ ಇದೆ. ಅದೇ ಚಾಕು ರಾತ್ರಿ ಹನ್ನೊಂದಕ್ಕೆ ಅಂಗಿಯ ಒಳಗೆ ಇದ್ದರೆ ಏನು ಹೇಳುತ್ತೀರಿ? ಆದ್ದರಿಂದ ಊರೊಳಗೆ ಬ್ಯಾಗಿನಲ್ಲಿರಲಿ, ಸೊಂಟಕ್ಕೆ ತೋಟದಲ್ಲಿ ಕಟ್ಟಿದರೆ ಸಾಕು. ಕೇಳಿದಾಗ ಮುಚ್ಚಿಡದೆ ತೋರಿಸಿ.

ನಿಷೇಧಾಜ್ಞೆ ಇರುವಾಗ ಒಯ್ಯಲೇಬೇಡಿ. ಹಿಂದೆ 144 ಎನ್ನುತ್ತಿದ್ದುದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ ಆಗಿದೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿಯೂ ಜಿಲ್ಲಾಡಳಿತ ಆಯುಧ ಒಯ್ಯುವುದನ್ನು ತಡೆಯಬಹುದು. ಶಿವಮೊಗ್ಗ ಇಂಥ ದಿನಗಳನ್ನು ಕಂಡ ಊರು. ಹಬ್ಬದ ಮೆರವಣಿಗೆ, ಚುನಾವಣೆ, ಊರಲ್ಲಿ ಬಿಗುವಿರುವ ಹೊತ್ತು, ಇಂಥ ಯಾವ ದಿನವೇ ಇರಲಿ, ಚಾಕು ಮನೆಯಲ್ಲಿರಬೇಕು. ಸೋಗಾನೆಯ ವಿಮಾನ ನಿಲ್ದಾಣದಿಂದ ಹೊರಡುವಾಗ ಕೈಚೀಲದಲ್ಲಿ ಒಯ್ಯುವಂತಿಲ್ಲ, ಲಗೇಜಿಗೆ ಹಾಕಬೇಕು. ಬೇರೆ ಊರಿಗೆ ಒಯ್ದರೆ ಅಲ್ಲಿಯ ನಿಯಮ ತಿಳಿದುಕೊಳ್ಳಿ. ದೆಹಲಿಯಲ್ಲಿ ಬಟನ್ ಒತ್ತಿದರೆ ತೆರೆಯುವ ಚಾಕುವಿನ ಮೇಲೆ 1980ರಿಂದ ಬೇರೆಯೇ ನಿರ್ಬಂಧವಿದೆ.

ಯುವಕರಿಗೆ ಇನ್ನೊಂದು ಮಾತು: ಚಾಕು, ಮಚ್ಚು ಹಿಡಿದು ಫೋಟೊ, ರೀಲ್ ಮಾಡಿ ಹಾಕಬೇಡಿ. 2025ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಮಚ್ಚು ಹಿಡಿದು ರೀಲ್ ಮಾಡಿದವರ ಮೇಲೆ ಶಸ್ತ್ರಾಸ್ತ್ರ ಕಾಯ್ದೆಯಡಿಯೇ ಪ್ರಕರಣ ದಾಖಲಾಯಿತು, ಬಂಧನವೂ ಆಯಿತು. ತೋಟದಲ್ಲಿ ಉಪಕರಣವಾಗಿರುವುದು ಕ್ಯಾಮೆರಾದ ಮುಂದೆ ಬೀಸಿದಾಗ ಆಯುಧವಾಗುತ್ತದೆ.

ಪ್ರಶ್ನೆ: ನಾನು ನರ್ಸಿಂಗ್ ಓದುತ್ತಿದ್ದೇನೆ. ರಾತ್ರಿ ಪಾಳಿ ಮುಗಿಸಿ ಬಸ್ಸಿಗೆ ಕಾಯುವಾಗ ಭಯವಾಗುತ್ತದೆ. ರಕ್ಷಣೆಗೆ ಸಣ್ಣ ಚಾಕು ಇಟ್ಟುಕೊಳ್ಳಲೇ?
(ಹೆಸರು ಬೇಡ, ಶಿವಮೊಗ್ಗ)

ಉತ್ತರ: ಬೇಡ ತಾಯಿ. ನಿಮ್ಮ ಭಯ ನಿಜವಾದದ್ದು, ಅದನ್ನು ಸಣ್ಣದು ಮಾಡಿ ಹೇಳುತ್ತಿಲ್ಲ. ಆದರೆ ಮೂರು ಇಂಚಿನ ಚಾಕು ಪ್ರಯೋಜನಕ್ಕೆ ಬರಬೇಕಾದರೆ ಎದುರಾಳಿ ಕೈಗೆಟಕುವಷ್ಟು ಹತ್ತಿರ ಬಂದಿರಬೇಕು. ಅಷ್ಟು ಹತ್ತಿರದಲ್ಲಿ ಬಲ ಹೆಚ್ಚಿದ್ದವನು ಅದನ್ನು ಕಿತ್ತುಕೊಳ್ಳುತ್ತಾನೆ. ಹೆದರಿದ ಕೈ ತನ್ನ ಬೆರಳನ್ನೇ ಕೊಯ್ದುಕೊಳ್ಳುತ್ತದೆ. ಕಾನೂನು ನಿಮಗೆ ಆತ್ಮರಕ್ಷಣೆಯ ಹಕ್ಕನ್ನು ಕೊಟ್ಟಿದೆ, ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳಲ್ಲಿ ಅದು ಇದೆ. ಆ ಹಕ್ಕು ಅಪಾಯಕ್ಕೆ ತಕ್ಕಷ್ಟು, ಅದಕ್ಕಿಂತ ಹೆಚ್ಚಲ್ಲ. ಚಾಕುವಿನ ಗಾಯ ಎಷ್ಟಕ್ಕೆ ನಿಲ್ಲುತ್ತದೆ ಎಂದು ಯಾರಿಗೂ ಹೇಳಲಾಗದು. ನರ್ಸಿಂಗ್ ಓದುವ ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತು.

ನಿಮಗೆ ಬೇಕಾದದ್ದು ದೂರದಿಂದಲೇ ಜನರನ್ನು ಕರೆಯುವಂಥದ್ದು. 112ಕ್ಕೆ ಕರೆ ಮಾಡಲು ಫೋನಿನಲ್ಲಿ ಶಾರ್ಟ್‌ಕಟ್ ಮಾಡಿಟ್ಟುಕೊಳ್ಳಿ, ಕೊರಳಿಗೊಂದು ಜೋರಾದ ಸೀಟಿ ಇರಲಿ. ಪಾಳಿ ಮುಗಿಸಿದವರು ಇಬ್ಬರು ಮೂವರು ಸೇರಿ ಹೊರಡಿ. ಪೆಪ್ಪರ್ ಸ್ಪ್ರೇ ಇಟ್ಟುಕೊಂಡರೂ ಜಗಳಕ್ಕೆ ಬಳಸುವಂತಿಲ್ಲ, ಅದನ್ನು ಅಪಾಯಕಾರಿ ಆಯುಧವೆಂದು ಕರ್ನಾಟಕ ಹೈಕೋರ್ಟ್ 2024ರಲ್ಲಿ ಒಂದು ಪ್ರಕರಣದಲ್ಲಿ ಹೇಳಿದೆ. ರಾತ್ರಿ ಪಾಳಿಯ ವಿದ್ಯಾರ್ಥಿನಿಯರನ್ನು ಹಾಸ್ಟೆಲಿಗೆ, ಬಸ್ ನಿಲ್ದಾಣಕ್ಕೆ ತಲುಪಿಸುವುದು ಕೆಲಸಕ್ಕೆ ಕಳಿಸಿದವರ ಹೊಣೆ. ನಾಲ್ಕಾರು ಜನ ಸಹಿ ಮಾಡಿ ಲಿಖಿತವಾಗಿ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಪ್ರಶ್ನೆ: ಅಜ್ಜನ ಕಾಲದ ಸಣ್ಣ ಚಾಕುವಿಗೆ ಜಿಂಕೆ ಕೊಂಬಿನ ಹಿಡಿ ಇದೆ. ಅಲಗು ಸವೆದಿದೆ. ಹೊಸ ಅಲಗು ಹಾಕಿಸಿ ಬಳಸಬಹುದೇ?
(ಓದುಗರು, ಹೊಸನಗರ ತಾಲ್ಲೂಕು)

ಉತ್ತರ: ಬಳಸಬೇಡಿ, ಮಾರಬೇಡಿ, ಯಾರಿಗೂ ಉಡುಗೊರೆ ಕೊಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕೊಂಬು, ಉಗುರು, ಹಲ್ಲು ಎಲ್ಲವೂ ಬರುತ್ತವೆ. ಕಾಡಿನಲ್ಲಿ ತಾನಾಗಿ ಉದುರಿದ ಕೊಂಬನ್ನೂ ಎತ್ತಿಕೊಂಡು ಬರುವಂತಿಲ್ಲ. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಪದಕ ಧರಿಸಿದ ವಿಚಾರ ರಾಜ್ಯದಲ್ಲಿ ಎಷ್ಟು ಸದ್ದು ಮಾಡಿತೆಂದು ನೆನಪಿರಬಹುದು. ಮಾಲೀಕತ್ವದ ಪ್ರಮಾಣಪತ್ರ ಮನೆಯಲ್ಲಿ ಇದೆಯೇ ಎಂದು ಹುಡುಕಿ. ಇಲ್ಲದಿದ್ದರೆ ವಕೀಲರೊಬ್ಬರನ್ನು ಕೇಳಿಕೊಂಡು ವಲಯ ಅರಣ್ಯಾಧಿಕಾರಿಯ ಕಚೇರಿಗೆ ಒಪ್ಪಿಸಿ. ಹೊಸ ಹಿಡಿಗೆ ಹಲಸಿನ ಮರ ಚೆನ್ನಾಗಿರುತ್ತದೆ. ಬೈನೆಯೂ ಆದೀತು. ಬೀಟೆ ಬೇಕೆನ್ನುವವರು ಹಳೆಯ ಪೀಠೋಪಕರಣದ ತುಂಡು ಹುಡುಕಿ, ಮರ ಕಡಿಸಬೇಡಿ.

ಪ್ರಶ್ನೆ: ಗೆಳೆಯರು ಸೇರಿ ತ್ಯಾವರೆಕೊಪ್ಪ ಸಫಾರಿ ನೋಡಿಕೊಂಡು ಶೆಟ್ಟಿಹಳ್ಳಿ ಕಾಡಿನ ಕಡೆ ಹೋಗುತ್ತೇವೆ. ಹಣ್ಣು ಕೊಯ್ಯಲು ಚಾಕು ಒಯ್ಯಬಹುದಲ್ಲವೇ?
(ಕಾಲೇಜು ವಿದ್ಯಾರ್ಥಿ, ಭದ್ರಾವತಿ)

ಉತ್ತರ: ಒಯ್ಯಬೇಡಿ. 1988ರಲ್ಲಿ ಶುರುವಾದ ಸಫಾರಿ ಇರುವುದೇ ಶೆಟ್ಟಿಹಳ್ಳಿ ಅಭಯಾರಣ್ಯದ ಅಂಚಿನಲ್ಲಿ. ಲಿಖಿತ ಅನುಮತಿ ಇಲ್ಲದೆ ಆಯುಧದೊಂದಿಗೆ ಅಭಯಾರಣ್ಯ ಪ್ರವೇಶಿಸುವುದನ್ನು ವನ್ಯಜೀವಿ ಕಾಯ್ದೆಯ 31ನೇ ಸೆಕ್ಷನ್ ನಿಷೇಧಿಸುತ್ತದೆ. ಆ ಕಾಯ್ದೆಯ ‘ಆಯುಧ’ದ ಪಟ್ಟಿಯಲ್ಲಿ ಚಾಕು ಹೆಸರು ಹೇಳಿಯೇ ಇದೆ. ಆಯನೂರಿನ ಓದುಗರಿಗೆ ಹೇಳಿದ ಇಂಚಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಣ್ಣನ್ನು ಮನೆಯಲ್ಲೇ ಕೊಯ್ದು ಡಬ್ಬಿಯಲ್ಲಿ ಒಯ್ಯಿರಿ, ಸಿಪ್ಪೆ ವಾಪಸು ತನ್ನಿ.

ಪ್ರಶ್ನೆ: ಹನ್ನೊಂದು ವರ್ಷದ ಮಗಳು ತನಗೂ ಒಂದು ಚಾಕು ಬೇಕು ಎನ್ನುತ್ತಾಳೆ. ತೋಟದಲ್ಲಿ ನನ್ನ ಜೊತೆಯೇ ಇರುತ್ತಾಳೆ. ಕೊಡಲೇ?
(ತಂದೆ, ಮುದ್ದಿನಕೊಪ್ಪ)

ಉತ್ತರ: ಕೊಡಿ. ಅಡಿಕೆ ಸುಲಿಯುವ ಮನೆಯಲ್ಲಿ ಬೆಳೆಯುವ ಮಗು ಮೆಟ್ಟುಗತ್ತಿಯ ಪಕ್ಕದಲ್ಲೇ ಆಡಿರುತ್ತದೆ. ಅಲಗಿನಿಂದ ದೂರ ಇಡುವುದಕ್ಕಿಂತ ಅಲಗನ್ನು ಹಿಡಿಯುವುದು ಕಲಿಸುವುದೇ ಕ್ಷೇಮ. ಎರಡೂವರೆ ಇಂಚಿನ, ಮೊನೆ ದುಂಡಗಿರುವ ಚಾಕು ಸಾಕು. ಅದು ಹರಿತವಾಗಿರಲಿ. ಮೊಂಡು ಚಾಕುವಿಗೆ ಬಲ ಹಾಕಬೇಕಾಗುತ್ತದೆ, ಬಲ ಹಾಕಿದಾಗಲೇ ಜಾರುವುದು. ನೀವು ಹತ್ತಿರ ಇದ್ದಾಗ ಮಾತ್ರ ಬಳಸಲಿ, ಶಾಲೆಯ ಚೀಲಕ್ಕೆ ಹೋಗಕೂಡದು.

ಮೊದಲ ದಿನವೇ ಹೇಳಿಕೊಡಬೇಕಾದದ್ದು: ಕೂತು ಕೊಯ್ಯುವುದು, ತೊಡೆಯ ಮೇಲಿಟ್ಟು ಕೊಯ್ಯದಿರುವುದು. ತೊಡೆಯ ಒಳಬದಿಯಲ್ಲಿ ದೊಡ್ಡ ರಕ್ತನಾಳವಿದೆ, ಅಲ್ಲಿ ಕೊಯ್ದರೆ ಕೆಲವೇ ನಿಮಿಷದಲ್ಲಿ ಪ್ರಾಣಕ್ಕೆ ಬರುತ್ತದೆ. ಮೊಣಕೈಗಳನ್ನು ಮಂಡಿಯಿಂದ ಮುಂದೆ ಇಟ್ಟು, ಅಲಗು ಮೈಯಿಂದ ಆಚೆ ಹೋಗುವಂತೆ ಕೊಯ್ಯಲಿ. ಬೇರೆಯವರಿಗೆ ಕೊಡುವಾಗ ಹಿಡಿ ಅವರ ಕಡೆ ಇರಲಿ. ಬೀಳುವ ಚಾಕುವನ್ನು ಹಿಡಿಯಲು ಹೋಗಬಾರದು. ಕೆಲಸ ಮುಗಿದ ಕೂಡಲೇ ಒರೆಗೆ.

ಕೊಯ್ದುಕೊಂಡರೆ ಅರಿಶಿನ, ಕಾಫಿಪುಡಿ ತುಂಬಬೇಡಿ. ಹರಿಯುವ ನೀರಿನಲ್ಲಿ ತೊಳೆದು, ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ರಕ್ತ ಚಿಮ್ಮುತ್ತಿದ್ದರೆ ತೊಳೆಯುತ್ತ ಕೂರದೆ ಕೂಡಲೇ ಒತ್ತಿ ಹಿಡಿದು ಆಸ್ಪತ್ರೆಗೆ ಹೊರಡಿ. ರಕ್ತ ನಿಲ್ಲದಿದ್ದರೆ, ಬೆರಳು ಮಡಚಲು ಬಾರದಿದ್ದರೆ ಅಥವಾ ಮರಗಟ್ಟಿದ್ದರೆ ಅಂದೇ ವೈದ್ಯರಿಗೆ ತೋರಿಸಬೇಕು. ಸರ್ಕಾರದ ಲಸಿಕೆ ಕಾರ್ಯಕ್ರಮದಲ್ಲಿ ಮಕ್ಕಳಿಗೆ 10 ಮತ್ತು 16ನೇ ವಯಸ್ಸಿನಲ್ಲಿ ಧನುರ್ವಾಯು ತಡೆಯುವ ಟಿಡಿ ಲಸಿಕೆ ಉಚಿತವಾಗಿ ಕೊಡುತ್ತಾರೆ. ಮಗಳಿಗೆ ಹನ್ನೊಂದು ಎಂದಿದ್ದೀರಿ. ಹತ್ತರ ಲಸಿಕೆ ಆಗಿದೆಯೇ ಎಂದು ತಾಯಿ ಕಾರ್ಡ್ ತೆಗೆದು ನೋಡಿ, ಆಗಿಲ್ಲದಿದ್ದರೆ ಚಾಕು ಕೊಡಿಸುವ ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ.